ಸರಿಯಾಗಿ ಹಾಕಿದ ಏಳು ಚುಕ್ಕಿ

ನಾನು ಓದಿದ್ದು ಎಂಟನೇ ತರಗತಿ. ಒಂಬತ್ತಕ್ಕೆ ಹೆಸರು ಬರೆಸಿದ್ದು ನಿಜ. ಆದರೆ ಆ ವರ್ಷ ನಾನು ಶಾಲೆಗಿಂತ ಹಿರೇಕೊಡಿಗೆಯ ಗದ್ದೆ ಬಯಲಿನಲ್ಲಿ ಕ್ರಿಕೆಟ್ ಆಡಿದ್ದೇ ಹೆಚ್ಚಾದ್ದರಿಂದ ಅದನ್ನು ಓದು ಅನ್ನುವುದು ಸರಿಯಲ್ಲ. ಬಡತನದಿಂದ ಶಾಲೆ ಬಿಟ್ಟೆ ಅಂತ ಕೆಲವರ ಹತ್ತಿರ ಹೇಳಿದ್ದೇನೆ. ಅದೂ ಸುಳ್ಳು. ಅಪ್ಪ ಅಮ್ಮ ಬೇರೆಯವರ ತೋಟದಲ್ಲಿ ಕೆಲಸ ಮಾಡಿಕೊಂಡೇ ಅಕ್ಕನನ್ನು ಬಿ.ಎಡ್. ತನಕ ಓದಿಸಿದರು. ನನ್ನನ್ನೂ ಓದಿಸುತ್ತಿದ್ದರು. ನನಗೆ ಇಷ್ಟವಿರಲಿಲ್ಲ, ಅಷ್ಟೇ.

ಇಂಥವನು ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟು, 'ಇಂಗ್ಲಿಷ್ ಅರ್ಜಿಗಳನ್ನು ತಪ್ಪಿಲ್ಲದೆ ಟೈಪ್ ಮಾಡಿಕೊಡಲಾಗುವುದು' ಎಂದು ಬೋರ್ಡು ಹಾಕಿಸಿಕೊಂಡಿದ್ದೆ. ತಪ್ಪಿಲ್ಲದೆ ಇರುತ್ತಿದ್ದುದು ಅಕ್ಕನಿಂದ. ಅವಳಿಗೆ ಹೋದ ವರ್ಷ ನಾನೊಂದು ಅನ್ಯಾಯ ಮಾಡಿದೆ. ಕೈಯಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳುವುದಕ್ಕಿಂತ ಟೈಪ್ ಮಾಡುವುದೇ ನನಗೆ ಸುಲಭವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ತೆರೆದ ಹೊಸದರಲ್ಲಿ ನನಗೆ ಚುಕ್ಕಿಯ ಹುಚ್ಚಿತ್ತು. ಇಂಗ್ಲಿಷಿನಲ್ಲಿ ಎಲ್ಲಿ ಕಾಮಾ, ಎಲ್ಲಿ ಫುಲ್‌ಸ್ಟಾಪ್ ಅಂತ ಗೊತ್ತಾಗದೇ ಇದ್ದಾಗ ಸಾಲಾಗಿ ಚುಕ್ಕಿ ಒತ್ತುತ್ತಿದ್ದೆ. ನೋಡಿದವರಿಗೆ ಏನೋ ಗಹನವಾದದ್ದು ಇದೆ ಅನ್ನಿಸುತ್ತಿತ್ತು. ಕುಡಿಯುವ ನೀರಿನ ಪೈಪು ಒಡೆದ ದೂರಿನ ಅರ್ಜಿಯಲ್ಲೂ ಒಡೆದ ಪೈಪಿಗಿಂತ ಹೆಚ್ಚು ತೊಟ್ಟಿಕ್ಕುವಷ್ಟು ಚುಕ್ಕಿ ಇರುತ್ತಿದ್ದವು. ಒಂದು ಭಾನುವಾರ ಅಕ್ಕ ಅಂಗಡಿಗೆ ಬಂದಾಗ ತಿಥಿಯ ಕಾರ್ಡೊಂದು ಮೇಜಿನ ಮೇಲಿತ್ತು. ಊರಾಚೆಯ ನೆಂಟರಿಗೆ ಅಂತ ಇಂಗ್ಲಿಷಿನಲ್ಲಿ ಮಾಡಿಸಿದ್ದು. ತೀರಿಕೊಂಡರು ಅನ್ನುವ ಪದದ ಮುಂದೆ ನಾನು ಒಂಬತ್ತು ಚುಕ್ಕಿ ಹಾಕಿದ್ದೆ.

"ಇವರು ಸತ್ತಿದಾರೋ, ಇನ್ನೂ ಸಾಯ್ತಾ ಇದಾರೋ?" ಅಂತ ಅಕ್ಕ ಕೇಳಿದಳು.

"ಚೆಂದ ಕಾಣ್ತದೆ ಅಂತ ಹಾಕಿದ್ದು."

"ಚೆಂದಕ್ಕೆ ಚುಕ್ಕಿ ಇಡೋದಾದ್ರೆ ಅಂಗಳದಲ್ಲಿ ಇಡು ಮಾರಾಯ. ಅಮ್ಮನಿಗೆ ಒಂದು ಕೆಲಸ ಕಮ್ಮಿ ಆಗ್ತದೆ."

ಆಮೇಲೆ ಹಾಳಾದ ಜೆರಾಕ್ಸ್ ಹಾಳೆಯೊಂದನ್ನು ಮಗುಚಿ, ಅದರ ಬೆನ್ನಿನ ಮೇಲೆ ನನಗೆ ಪಾಠ ಮಾಡಿದಳು. ಈ ಚುಕ್ಕಿಗಳಿಗೆ ಇಂಗ್ಲಿಷಿನಲ್ಲಿ ಎಲಿಪ್ಸಿಸ್ ಅನ್ನುತ್ತಾರೆ. ಅವು ಮೂರು. ನಾಲ್ಕಲ್ಲ, ಒಂಬತ್ತಂತೂ ಅಲ್ಲವೇ ಅಲ್ಲ. ಒಬ್ಬರ ಮಾತನ್ನು ಅವರ ಪದಗಳಲ್ಲೇ ಎತ್ತಿ ಬರೆಯುವಾಗ ನಡುವೆ ಒಂದು ತುಂಡು ಬಿಟ್ಟರೆ, ಬಿಟ್ಟ ಜಾಗದಲ್ಲಿ ಮೂರು ಚುಕ್ಕಿ ಇಡಬೇಕು. ಇಲ್ಲಿ ಏನೋ ಇತ್ತು, ನಾನು ತೆಗೆದಿದ್ದೇನೆ ಅಂತ ಓದುವವರಿಗೆ ಒಪ್ಪಿಸಿದ ಹಾಗೆ. ಬಿಟ್ಟದ್ದು ಒಂದು ವಾಕ್ಯ ಮುಗಿದ ಮೇಲಿನ ತುಂಡಾದರೆ ಆ ವಾಕ್ಯದ ಫುಲ್‌ಸ್ಟಾಪು ಅದರ ಪಾಡಿಗೆ ಇರುತ್ತದೆ, ಅದರ ಪಕ್ಕಕ್ಕೆ ಮೂರು. ಆಗ ಮಾತ್ರ ನಾಲ್ಕು ಕಾಣುತ್ತದೆ. ಯಾರಾದರೂ ಮಾತನ್ನು ಅರ್ಧಕ್ಕೆ ಬಿಟ್ಟರೆ ಅಲ್ಲೂ ಮೂರು. ಕಾಮಾ ಗೊತ್ತಾಗಲಿಲ್ಲ ಅಂತ ಹಾಕುವ ಹಾಗಿಲ್ಲ, ಇತ್ಯಾದಿ ಅನ್ನುವುದಕ್ಕೂ ಹಾಕುವ ಹಾಗಿಲ್ಲ.

"ಇದೆಲ್ಲಕ್ಕಿಂತ ಮುಖ್ಯ ಒಂದುಂಟು," ಅಂದಳು. "ತುಂಡು ಬಿಟ್ಟ ಮೇಲೂ ಹೇಳಿದವರ ಅರ್ಥ ಹಂಗೇ ಇರ್ಬೇಕು. ಅರ್ಥ ತಿರುಗಿ ಹೋದ್ರೆ ನೀನು ಎಷ್ಟು ಚಂದ ಮೂರು ಚುಕ್ಕಿ ಇಟ್ರೂ ಅದು ಕಳ್ಳತನ."

ಟೈಪ್ ಮಾಡುವವನಿಗೆ ಅರ್ಥದ ಉಸಾಬರಿ ಯಾಕೆ ಅಂತ ನಾನು ಆ ಕೊನೆಯ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಅನ್ನುವುದನ್ನು ಮಾತ್ರ ಗಟ್ಟಿ ಹಿಡಿದೆ.

ಅಕ್ಕ ಆಗ ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ವಾರವಿಡೀ ಅಲ್ಲೇ ಒಂದು ಬಾಡಿಗೆ ಕೋಣೆ, ಭಾನುವಾರ ಮನೆಗೆ. ನಾನು ಟೈಪ್ ಮಾಡಿದ ಇಂಗ್ಲಿಷ್ ಹಾಳೆಗಳೆಲ್ಲ ಬೆಳಗಿನ ಬಸ್ಸಿನಲ್ಲಿ ಅವಳ ಹತ್ತಿರ ಹೋಗುತ್ತಿದ್ದವು. ನಮ್ಮ ಕಡೆ ಬಸ್ಸಿನಲ್ಲಿ ಕೊಟ್ಟು ಕಳಿಸದ ವಸ್ತುವಿಲ್ಲ. ಡ್ರೈವರ್ ಮುಂದಿನ ಗಾಜಿನ ಬುಡದಲ್ಲಿ ಮಾತ್ರೆ, ಕನ್ನಡಕ, ಎಳೆ ಬಿದಿರಿನ ಕಳಲೆ, ಮರೆತು ಬಂದ ಬೀಗದ ಕೈ ಎಲ್ಲ ಸಾಲಾಗಿ ಕೂತು ಪ್ರಯಾಣ ಮಾಡುತ್ತವೆ. ವಿಳಾಸ ಬೇಕಿಲ್ಲ. ಯಾವುದು ಯಾರದ್ದು ಅಂತ ಡ್ರೈವರಿಗೆ ಗೊತ್ತಿರುತ್ತದೆ. ನನ್ನ ಕಂದು ಕವರು ಕಂಡರೆ ಬೇಗಾರಿನ ಬಸ್ಸಿನವರು ಶಾಲೆಯ ಎದುರು ಹಾರ್ನ್ ಹೊಡೆಯುತ್ತಿದ್ದರು. ಮಧ್ಯಾಹ್ನದ ಬಸ್ಸಿನಲ್ಲಿ ಅದೇ ಕವರು ಮೈತುಂಬ ಕೆಂಪು ಇಂಕು ಮಾಡಿಕೊಂಡು ವಾಪಸ್ ಬರುತ್ತಿತ್ತು. ಫೋಟೋ ತೆಗೆದು ಕಳಿಸುವ ಹಾಗಿರಲಿಲ್ಲ. ಶಾಲೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಿಕ್ಕಿದರೂ, ಫೋನಿನಲ್ಲಿ ಚುಕ್ಕಿ ಯಾವುದು ನೊಣದ ಹಿಕ್ಕೆ ಯಾವುದು ಗೊತ್ತಾಗುವುದಿಲ್ಲ ಅಂತ ಅವಳ ತಕರಾರು.

ನಾನು ತಿದ್ದಿ, ಸಂಜೆ ಗಿರಾಕಿಗೆ ಕೊಡುತ್ತಿದ್ದೆ. ಗಿರಾಕಿಗಳು ನನ್ನನ್ನು ಇಂಗ್ಲಿಷ್ ಪಂಡಿತರು ಅನ್ನುತ್ತಿದ್ದರು. ನಾನು ಅಲ್ಲ ಅನ್ನುತ್ತಿರಲಿಲ್ಲ. ಸುಮ್ಮನೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ನರಸಿಂಹರಾಜಪುರದ ಒಂದು ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಹೈಸ್ಕೂಲಿನ ತರಗತಿಗಳು, ಇರಲು ಮನೆ, ಕಾಯಂ ಕೆಲಸ. ಬೇಗಾರಿನ ಶಾಲೆಯಲ್ಲಿ ಮಕ್ಕಳು ವರ್ಷ ವರ್ಷ ಕಮ್ಮಿಯಾಗುತ್ತಿದ್ದರು. ಜೂನ್ ಬಂದಾಗಲೆಲ್ಲ, ಈ ಸಲ ಕರೆಯುತ್ತಾರೋ ಇಲ್ಲವೋ ಅಂತ ಅಕ್ಕ ದಾರಿ ಕಾಯಬೇಕಿತ್ತು. ಹಾಗಾಗಿ ಅವಳಿಗೆ ಈ ಕೆಲಸ ಬೇಕೇಬೇಕಿತ್ತು. ಅವಳು ಆಸೆಯನ್ನು ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಆ ಭಾನುವಾರ ಅರ್ಜಿ ತುಂಬುವಾಗ ಎರಡು ಸಲ ಕೈ ತೊಳೆದುಕೊಂಡು ಬಂದಳು.

"ಅಲ್ಲಿ ಸಂಜೆ ಹಾಸ್ಟೆಲ್ ಮಕ್ಕಳ ಓದೂ ನೋಡ್ಕೋಬೇಕಂತೆ," ಅಂದಳು. "ನಿನ್ನ ಕವರ್ ನೋಡೋಕೆ ಪುರ್ಸೊತ್ತು ಆಗಲ್ಲ ಕಣೋ. ಇನ್ನು ನೀನೇ ಕಲ್ತ್ಕೋಬೇಕು."

ನಾನು ನಕ್ಕೆ. ಆ ನಗು ಸೋಮವಾರ ಬೆಳಗ್ಗೆಯ ತನಕ ಬಂತು. ಆಮೇಲೆ ವಾರವಿಡೀ ವಾಪಸ್ ಬಂದ ಹಾಳೆಗಳಲ್ಲಿ ಕೆಂಪು ಗುರುತು ಎಷ್ಟಿವೆ ಅಂತ ಎಣಿಸುತ್ತಿದ್ದೆ.

ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಉಳಿದಿತ್ತು. ನಿಮ್ಮನ್ನು ಬಲ್ಲ ಹಿರಿಯ ಶಿಕ್ಷಕರು ಕೊಟ್ಟ ಪತ್ರದಿಂದ ಆಯ್ದ ಮಾತು, ಎರಡು ಸಾಲು ಮೀರಬಾರದು. ಪತ್ರ ಬರೆಯಬೇಕಿದ್ದವರು ಶೃಂಗೇರಿಯ ಒಬ್ಬ ನಿವೃತ್ತ ಮೇಷ್ಟ್ರು. ಅವರ ಸಂಜೆ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡಲು ಅಕ್ಕ ಎರಡು ವರ್ಷ ಕೈಜೋಡಿಸಿದ್ದಳು. ವಯಸ್ಸಾದವರು, ನಿಧಾನ. ಅರ್ಜಿ ಸೇರಬೇಕಾದ ಕೊನೆಯ ದಿನವೇ, ಹನ್ನೊಂದು ಗಂಟೆಗೆ, ಪತ್ರ ಶೃಂಗೇರಿಯಿಂದ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂತು. ಸಂಜೆ ಐದರೊಳಗೆ ಅರ್ಜಿ ನರಸಿಂಹರಾಜಪುರದಲ್ಲಿ ಇರಬೇಕು. ಅಕ್ಕ ಶಾಲೆಯಿಂದ ರಸ್ತೆಗೆ ಬಂದು ಫೋನ್ ಮಾಡಿದಳು.

"ನನಗೆ ಕಳ್ಸಿ ತರ್ಸೋಕೆ ಹೊತ್ತಿಲ್ಲ. ನೀನೇ ಎರಡು ಸಾಲು ಆರಿಸಿ ಟೈಪ್ ಮಾಡು. ಬಿಟ್ಟ ಕಡೆ ಚುಕ್ಕಿ ಹಾಕು. ನಿನಗೆ ಬರ್ತದಲ್ಲ ಈಗ."

"ಬರ್ತದೆ," ಅಂದೆ.

ಪತ್ರ ಒಂದು ಪುಟವಿತ್ತು. ಅದರ ಒಳ್ಳೆಯ ಭಾಗ ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಮೊದಲ ವರ್ಷ ತರಗತಿಯ ಮುಂದೆ ನಿಂತು ಮಾತಾಡಲು ಅಂಜುತ್ತಿದ್ದಳು. ಎರಡನೇ ವರ್ಷ ನನ್ನ ತರಗತಿಯನ್ನೇ ಅವಳಿಗೆ ಬಿಟ್ಟುಕೊಟ್ಟೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಳ ಪಾಠ ಕೇಳಿ, ನಾನು ಜೀವಮಾನವಿಡೀ ಹೇಳಿಕೊಟ್ಟಿದ್ದನ್ನು ಅವಳಿಂದ ಹೊಸದಾಗಿ ಕಲಿತು ಮನೆಗೆ ಹೋಗಿದ್ದೇನೆ.'

ಇಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ. ಅರ್ಥವಾಗಲಿಲ್ಲ ಅಂತ ಹೇಳಿಕೊಳ್ಳಲು ದಾರಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಹೇಳಿಕೊಂಡಿರುತ್ತಿದ್ದೆ. ನಾನು ಪತ್ರವನ್ನು ಎರಡು ಸಲ ಓದಿದೆ. ನಾಳೆಯಿಂದ ಕೆಂಪು ಇಂಕಿಲ್ಲದ ಹಾಳೆಗಳನ್ನು ಗಿರಾಕಿಗಳ ಕೈಗೆ ಕೊಡುವುದನ್ನು ನೆನೆಸಿಕೊಂಡೆ. ತಾಲ್ಲೂಕು ಕಚೇರಿಯ ಗುಮಾಸ್ತರು ನನ್ನ ಅರ್ಜಿ ಓದಿ ನಗುವುದು ಕಣ್ಣಿಗೆ ಕಟ್ಟಿತು. ಆಮೇಲೆ ಟೈಪ್ ಮಾಡಿದೆ:

'ಮೊದಲ ವರ್ಷ ತರಗತಿಯ ಮುಂದೆ ನಿಂತು ಮಾತಾಡಲು ಅಂಜುತ್ತಿದ್ದಳು.... ನಾನು ಹಿಂದಿನ ಬೆಂಚಿನಲ್ಲಿ ಕೂತು ... ಮನೆಗೆ ಹೋಗಿದ್ದೇನೆ.'

ವಾಕ್ಯ ಮುಗಿದ ಕಡೆ ಅದರ ಫುಲ್‌ಸ್ಟಾಪು, ಪಕ್ಕಕ್ಕೆ ಮೂರು. ನಡುವೆ ಬಿಟ್ಟ ಕಡೆ ಬರೀ ಮೂರು. ನೋಡಲು ಒಟ್ಟು ಏಳು. ಒಂದು ಪದವೂ ನನ್ನದಲ್ಲ, ಎಲ್ಲ ಮೇಷ್ಟ್ರದೇ. ನಾಚಿಕೆಯ ಮಾತೆಂದರೆ, ಮುಗಿಸಿದ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಕವರಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಶಾಲೆಯ ವಿಳಾಸ ಬರೆದು, ಒಂದು ಗಂಟೆಗೆ ಹೊರಡುವ ನರಸಿಂಹರಾಜಪುರದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಬಂದೆ. ಅವರು ಗಾಜಿನ ಬುಡದಲ್ಲಿಟ್ಟು ಚಾ ಕುಡಿಯಲು ಹೋದರು. ಪಕ್ಕದಲ್ಲೇ ಬೇಗಾರಿನ ಬಸ್ಸು ನಿಂತಿತ್ತು. ಅದರ ಡ್ರೈವರ್ ಎಲೆಯಡಿಕೆಗೆ ಸುಣ್ಣ ಕೇಳಲು ಈ ಬಸ್ಸಿನ ಬಾಗಿಲಿಗೆ ಬಂದವರು ನನ್ನ ಕಂದು ಕವರು ನೋಡಿದರು. ಅಯ್ಯೋ, ಟೀಚರ ಕವರು ಬೇರೆ ಬಸ್ಸಿಗೆ ಹತ್ತಿಬಿಟ್ಟಿದೆ ಅಂದುಕೊಂಡರು. ಇಂಗ್ಲಿಷ್ ವಿಳಾಸವನ್ನು ಅವರು ಓದಲಿಲ್ಲ. ಇಷ್ಟು ವರ್ಷ ವಿಳಾಸವಿಲ್ಲದೇ ತಲುಪಿಸಿದ ಕವರಿಗೆ ಈಗ ಏನು ಓದುವುದು? ಒಂದು ಉಪಕಾರವಾಗಲಿ ಅಂತ ತಾವೇ ಎತ್ತಿಕೊಂಡು ತಮ್ಮ ಬಸ್ಸಿನಲ್ಲಿ ಇಟ್ಟುಕೊಂಡು ಹೊರಟರು.

ಹೀಗೆ ನಾನು ಮಾಡಿದ ಕೆಲಸ, ಯಾರು ನೋಡಬಾರದೋ ಅವರ ಕೈಗೇ, ಶಾಲೆಯ ಎದುರು ಹಾರ್ನ್ ಹೊಡೆದು, ತಲುಪಿತು.

ಸಂಜೆ ಐದೂವರೆಗೆ ಅಕ್ಕ ಅಂಗಡಿಗೆ ಬಂದಳು. ಬೇಗಾರಿನಿಂದ ಅದಕ್ಕಿಂತ ಮೊದಲು ಬರುವ ಬಸ್ಸಿರಲಿಲ್ಲ. ಒಬ್ಬರು ಅಜ್ಜ ರೇಷನ್ ಕಾರ್ಡಿನ ಜೆರಾಕ್ಸಿಗೆ ಕಾದು ನಿಂತಿದ್ದರು. ಅಕ್ಕ ಕವರನ್ನು ಮೇಜಿನ ಮೇಲಿಟ್ಟಳು.

"ಮೇಷ್ಟ್ರ ಪತ್ರ ಕೊಡು."

ಕೊಟ್ಟೆ. ನಿಂತೇ ಓದಿದಳು. ಆಮೇಲೆ ನನ್ನ ಹಾಳೆ ತೆಗೆದು, ಪೆನ್ನಿನ ತುದಿಯಿಂದ ಒಂದೊಂದೇ ಮುಟ್ಟಿ ಎಣಿಸಿದಳು.

"ಇಲ್ಲಿ ನಾಲ್ಕು. ಇಲ್ಲಿ ಮೂರು. ಸರಿಯಾಗಿದೆ. ಒಂದೂ ತಪ್ಪಿಲ್ಲ."

"ನಿಮ್ಮ ತಮ್ಮ ತಪ್ಪು ಮಾಡ್ತಾನಾ ಟೀಚರೇ?" ಅಂದರು ಅಜ್ಜ. "ನಮ್ಮ ಮನೆ ಅರ್ಜಿ ಎಲ್ಲ ಇವನೇ ಮಾಡಿದ್ದು."

ಅಕ್ಕ ಅವರಿಗೆ ಹೌದು ಅನ್ನುವ ಹಾಗೆ ತಲೆಯಾಡಿಸಿ, ನರಸಿಂಹರಾಜಪುರದ ಶಾಲೆಗೆ ಫೋನ್ ಮಾಡಿದಳು. ಅರ್ಜಿ ತೆಗೆದುಕೊಳ್ಳುವುದು ಮುಗಿಯಿತು, ಪಟ್ಟಿ ಒಳಗೆ ಹೋಯಿತು, ಮುಂದಿನ ಸಲ ನೋಡಿ ಅಂದರು. ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಅಜ್ಜ ಜೆರಾಕ್ಸ್ ತೆಗೆದುಕೊಂಡು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಎಂತಕ್ಕೆ ಮಾಡಿದೆ?"

"ನೀನು ಹೋದ್ರೆ ಆಮೇಲೆ ನನ್ನ ..."

"ಪೂರ್ತಿ ಹೇಳು. ಅರ್ಧಕ್ಕೆ ಬಿಡ್ಬೇಡ."

"ನೀನು ಹೋದ್ರೆ ನಾನು ದಡ್ಡ ಅಂತ ಊರಿಗೆಲ್ಲ ಗೊತ್ತಾಗ್ತದೆ."

ಅಕ್ಕ ಬೈಯುತ್ತಾಳೆ ಅಂತ ಕಾದೆ. ಅವಳು ಮೇಷ್ಟ್ರ ಪತ್ರವನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಅವರು ಹಿಂದೆ ಕೂತು ನಿದ್ದೆ ಮಾಡ್ತಾರೆ ಅಂದ್ಕೊಂಡಿದ್ದೆ," ಅಂದಳು. "ಕೇಳ್ತಾ ಇದ್ರಂತೆ." ಪತ್ರವನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದಳು. ನಾನು ಅಂಗಡಿ ಮುಚ್ಚಿ ಹಿಂದಿನಿಂದ ಹೋದೆ, ಜೊತೆಗಲ್ಲ.

ಮನೆಯಲ್ಲಿ ಅಕ್ಕ ಹೇಳಿದ್ದು ಇಷ್ಟು: ಕವರು ಬೇರೆ ಬಸ್ಸಿಗೆ ಹೋಯಿತು, ಹೊತ್ತು ಮೀರಿತು. ಅದು ಸುಳ್ಳಲ್ಲ. ಆದರೆ ನಡುವಿನ ಒಂದು ತುಂಡನ್ನು ನನಗೋಸ್ಕರ ಬಿಟ್ಟಿದ್ದಳು. ಅಲ್ಲಿ ಏನೋ ಇತ್ತು ಅಂತ ತೋರಿಸುವ ಗುರುತನ್ನೂ ಉಳಿಸಲಿಲ್ಲ. ತಪ್ಪೆಲ್ಲ ಬೇಗಾರಿನ ಬಸ್ಸಿನ ಡ್ರೈವರ್ ಮೇಲೆ ಬಿತ್ತು. ಅಮ್ಮ ಬಸ್ ಸ್ಟ್ಯಾಂಡಿಗೇ ಹೋಗಿ ಅವರಿಗೆ ಬೈದು ಬಂದಳು. ಆ ಮನುಷ್ಯ ಮರುದಿನ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ನನ್ನ ಅಂಗಡಿಗೆ ಬಂದರು.

"ನನ್ನಿಂದ ಟೀಚರ ಕೆಲಸ ಹೋಯ್ತು ಮಾರಾಯ. ಅವರ ಹತ್ರ ಹೇಳು, ಬೇಕು ಅಂತ ಮಾಡಿದ್ದಲ್ಲ."

ನಾನು ಹೇಳ್ತೇನೆ ಅಂದೆ. ಬಾಳೆಹಣ್ಣನ್ನೂ ತೆಗೆದುಕೊಂಡೆ. ಆರು ಹಣ್ಣು ನಾನೇ ತಿಂದೆ. ಅವರು ತಪ್ಪು ಮಾಡದೇ ಇದ್ದಿದ್ದರೆ ನನ್ನ ಏಳು ಚುಕ್ಕಿ ಆ ಶಾಲೆಯ ಮೇಜಿನ ಮೇಲೆ ಕೂತು ಅಕ್ಕನ ಹೆಸರನ್ನು ಶಾಶ್ವತವಾಗಿ ಕೆಡಿಸುತ್ತಿದ್ದವು. ಅದರಿಂದ ಅವಳನ್ನು ಕಾಪಾಡಿದವರೇ, ತಪ್ಪು ತಮ್ಮದು ಅಂದುಕೊಂಡು, ಒಂದು ವರ್ಷವಿಡೀ ಅವಳಿಗೆ ಬಾಗಿಲ ಹತ್ತಿರದ ಸೀಟು ಹಿಡಿದಿಟ್ಟರು, ಅವಳು ಬರುವುದು ತಡವಾದರೆ ಎರಡು ನಿಮಿಷ ಬಸ್ಸು ನಿಲ್ಲಿಸಿದರು.

ಬೇಗಾರಿನ ಶಾಲೆ ಆ ಜೂನ್‌ನಲ್ಲಿ ಅಕ್ಕನನ್ನು ಕರೆಯಿತು, ಸಂಬಳ ಮಾತ್ರ ಮೊದಲಿನಷ್ಟೇ. ನನ್ನ ಕವರುಗಳು ಹೋಗುತ್ತಿದ್ದವು, ಬರುತ್ತಿದ್ದವು. ಅವಳು ಒಂದು ಕಾಮಾವನ್ನೂ ಬಿಡದೆ ತಿದ್ದುತ್ತಿದ್ದಳು. ಬದಲಾದದ್ದು ಒಂದೇ. ಗಿರಾಕಿ ಬರೆದು ತಂದ ಮೂಲ ಹಾಳೆಯನ್ನೂ ಜೊತೆಗೆ ಕಳಿಸಬೇಕು ಅಂದಳು. ಅದಿಲ್ಲದ ಹಾಳೆಯನ್ನು ಮುಟ್ಟದೆ ವಾಪಸ್ ಕಳಿಸುತ್ತಿದ್ದಳು. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಇದು ವರ್ಷವಿಡೀ ನಡೆಯಿತು.

ಈ ಬೇಸಿಗೆಯಲ್ಲಿ ಅದೇ ಶಾಲೆಯಲ್ಲಿ ಮತ್ತೆ ಜಾಗ ಖಾಲಿಯಾಯಿತು. ಅಕ್ಕ ಅರ್ಜಿ ತುಂಬಿ, ಮೇಷ್ಟ್ರ ಪತ್ರವನ್ನು ಬ್ಯಾಗಿನಿಂದ ತೆಗೆದು ನನ್ನ ಮುಂದಿಟ್ಟಳು. "ನೀನೇ ಆರಿಸು," ಅಂದಳು. ನಂಬಿದಳೋ, ಪರೀಕ್ಷೆ ಮಾಡಿದಳೋ, ನನಗೆ ಈಗಲೂ ತಿಳಿಯದು. ಟೈಪ್ ಮಾಡುವ ಮೊದಲು ಹೋಗಿ ಬೇಗಾರಿನ ಬಸ್ಸಿನ ಡ್ರೈವರಿಗೆ ಎಲ್ಲ ಹೇಳಿದೆ. ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಹಂಗಾದ್ರೆ ನಿಮ್ಮಮ್ಮ ನನಗೆ ಬೈದಿದ್ದು?"

"ನನಗೆ ಬೈಬೇಕಾಗಿತ್ತು ಅಣ್ಣ."

"ಬಾಳೆಹಣ್ಣು?"

"ತಿಂದೆ."

"ತಿಂದ್ಯಲ್ಲ ಮಾರಾಯ," ಅಂತ ಅವರು ಹೊರಗೆ ನೋಡಿದರು. ಸ್ವಲ್ಪ ಹೊತ್ತಿಗೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಊರಿಗೆ ಗೊತ್ತಾಗ್ತದೆ ಅಂತ ಮಾಡಿದ್ಯಾ ಇದನ್ನ? ಅಲ್ಲ, ನಿನ್ನ ಕವರಿಗೆ ಒಂದು ದಿನ ಆದ್ರೂ ಗೋಂದು ಹಚ್ಚಿದ್ಯಾ? ಶೃಂಗೇರಿ ದಾಟೋದ್ರೊಳಗೆ ಮುಂದಿನ ಸೀಟಿನವರೆಲ್ಲ ತೆಗೆದು ನೋಡ್ತಿದ್ರು. ಬರುವಾಗ ಇವತ್ತು ಟೀಚರ್ ಎಷ್ಟು ಕೆಂಪು ಮಾಡಿದಾರೆ ಅಂತ ನೋಡೋಕೆ ಇನ್ನೊಂದು ಸಲ. ಒಂದು ದಿನ ಕಮ್ಮಿ ಇದ್ರೆ, ಹುಡುಗ ಸುಧಾರಿಸ್ತಿದಾನೆ ಅಂತಿದ್ರು."

"ಎಲ್ಲರಿಗೂ ಗೊತ್ತಿತ್ತಾ?"

"ಕಂಡಕ್ಟರ್‌ಗೆ ಕೇಳು. ಅವನು ಆ ಕೆಂಪು ನೋಡಿಯೇ ಸ್ಪೆಲ್ಲಿಂಗ್ ಕಲ್ತದ್ದು."

ನಾನು ಬಸ್ಸಿನಿಂದ ಇಳಿದೆ. ಅಕ್ಕನ ಒಂದು ವರ್ಷವನ್ನು ಕೊಟ್ಟು ನಾನು ಮುಚ್ಚಿಟ್ಟ ಗುಟ್ಟು ದಿನಕ್ಕೆರಡು ಸಲ ಟಿಕೆಟ್ಟಿಲ್ಲದೆ ಊರೂರು ತಿರುಗುತ್ತಿತ್ತು.

ಅಮ್ಮನಿಗೂ ಹೇಳಿದೆ. ಅವಳು ಎರಡು ದಿನ ನನ್ನ ತಟ್ಟೆಗೆ ಅನ್ನ ಬಡಿಸಿ, ಇನ್ನು ಬೇಕಾ ಅಂತ ಕೇಳದೆ ಒಳಗೆ ಹೋಗುತ್ತಿದ್ದಳು. ಮೂರನೇ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಡ್ರೈವರ್ ಜೊತೆ ಮಾತಾಡಿಕೊಂಡು ಬಂದಳಂತೆ. ಏನು ಮಾತಾಡಿದರೋ ಇಬ್ಬರೂ ಹೇಳಲಿಲ್ಲ.

ಕಾಲಂಗೆ ಮೇಷ್ಟ್ರ ಕೊನೆಯ ವಾಕ್ಯವನ್ನು ಇಡಿಯಾಗಿ ಹಾಕಿದೆ, ಹಿಂದಿನ ಬೆಂಚಿನಿಂದ ಮನೆಗೆ ಹೋಗುವ ತನಕ. ಅಕ್ಷರ ಒಂದು ಅಳತೆ ಸಣ್ಣದು ಮಾಡಿದಾಗ ಎರಡು ಸಾಲಿಗೆ ಸರಿಯಾಗಿ ಕೂತಿತು. ಅಕ್ಕ ಮೂಲದ ಜೊತೆ ಹಿಡಿದು ಓದಿ, ಸಹಿ ಹಾಕಿದಳು. ಬಸ್ಸಿನಲ್ಲಿ ಕಳಿಸುತ್ತೇನೆ ಅನ್ನುವ ಧೈರ್ಯ ನನಗೂ ಇರಲಿಲ್ಲ, ಕಳಿಸು ಅನ್ನುವ ಧೈರ್ಯ ಅವಳಿಗೂ ಇರಲಿಲ್ಲ. ಕೊನೆಯ ದಿನಕ್ಕೆ ಇನ್ನೂ ಆರು ದಿನ ಇರುವಾಗಲೇ ಅಂಗಡಿ ಮುಚ್ಚಿ, ಕವರನ್ನು ಅಂಗಿಯ ಒಳಗಿಟ್ಟುಕೊಂಡು ನಾನೇ ನರಸಿಂಹರಾಜಪುರಕ್ಕೆ ಹೋದೆ.

ಶಾಲೆಯ ಕಚೇರಿಯಲ್ಲಿದ್ದ ಗುಮಾಸ್ತರು ಕವರನ್ನು ಒಂದು ರಾಶಿಯ ಮೇಲೆ ಎಸೆದರು.

"ಒಂದ್ಸಲ ತೆಗೆದು ನೋಡಿ ಸಾರ್."

"ಯಾಕೆ, ಕಮಿಟಿಯವರು ನೋಡ್ತಾರೆ."

"ಎಲ್ಲ ಕಾಲಂ ತುಂಬಿದೆಯಾ ಅಂತ ನೋಡಿ ಸಾರ್. ಹೋದ ಸಲ ತಾಪತ್ರಯ ಆಗಿತ್ತು."

ಅವರು ಬೇಸರದಿಂದಲೇ ತೆಗೆದು, ಕನ್ನಡಕ ಏರಿಸಿ, ಆ ಎರಡು ಸಾಲನ್ನು ಇಂಗ್ಲಿಷಿನಲ್ಲೇ ತಡೆದು ತಡೆದು ಓದಿದರು. ಓದಿ ಮುಗಿಸಿದ ಮೇಲೆ ನನ್ನ ಕಡೆ ನೋಡಿದರು.

"ಒಳ್ಳೆ ಮಾತು ಬರ್ದಿದಾರಲ್ರೀ. ಯಾರಿವರು?"

"ನನ್ನ ಅಕ್ಕ," ಅಂದೆ. "ನಾನು ಮಾಡೋ ಇಂಗ್ಲಿಷ್ ಕೆಲಸ ಎಲ್ಲ ಇವಳು ತಿದ್ದಿದ್ದು."

ಅವರಿಗೆ ನಾನು ಯಾರು, ಏನು ಕೆಲಸ ಅಂತ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಸೀಲು ಒತ್ತಿ ಸ್ವೀಕೃತಿ ಚೀಟಿ ಕೊಟ್ಟರು.

ಜೂನ್ ಮೊದಲ ವಾರ ಅಕ್ಕ ಅಲ್ಲಿಗೆ ಸೇರಿದಳು. ಟ್ರಂಕು ಹೊತ್ತು ಬಸ್ಸಿಗೆ ಹಾಕಿದ್ದು ನಾನು. ಬಸ್ಸು ಹೊರಡುವಾಗ ಅವಳು ಕಿಟಕಿಯಿಂದ ಏನೋ ಹೇಳಿದಳು, ಇಂಜಿನ್ ಸದ್ದಿಗೆ ಕೇಳಲಿಲ್ಲ. ನಾನು ಪಕ್ಕದಲ್ಲೇ ಓಡಿದೆ.

"ಎಂತದಕ್ಕ?"

"ಭಾನುವಾರ ಬರ್ತೇನೆ," ಅಂದಳು. "ವಾರದ ಹಾಳೆ ಎಲ್ಲ ತೆಗೆದಿಡು. ಮೂಲ ಸಮೇತ."